ಗಿರಿಯಮ್ಮನ ಎಣಿಸದ ಹಿಂಡು

ಹಿರೇಗುಂಟನೂರಿನ ಕಡೆ ಇವತ್ತಿಗೂ ಯಾರ ಹಟ್ಟಿಯಲ್ಲಾದರೂ ಕುರಿಮರಿಯೊಂದು ತಬ್ಬಲಿಯಾದರೆ, "ಗಿರಿಯಮ್ಮ ಇದ್ದಿದ್ರೆ ಉಳೀತಿತ್ತು" ಎಂಬ ಮಾತು ಬಂದೇ ಬರುತ್ತದೆ. ಹಾಗೆಂದು ಗಿರಿಯಮ್ಮ ಸತ್ತಿದ್ದಾಳೆಂದು ತಿಳಿಯಬೇಡಿ. ಹಿರಿಯೂರಿನಲ್ಲಿ ಮಗನ ಮನೆಯಲ್ಲಿ, ಟೈಲ್ಸ್ ನೆಲದ ಮೇಲೆ ಜಾರದೆ ನಡೆಯುವ ವಿದ್ಯೆ ಕಲಿಯುತ್ತ, ಕಲ್ಲುಗುಂಡಿನಂತಿದ್ದಾಳೆ. ಒಂದು ಬಸ್ಸು ಬದಲಿಸಿದರೆ ಸಿಗುವಷ್ಟು ದೂರ ಹೋದವರನ್ನೂ ಸತ್ತವರ ಸಾಲಿಗೆ ಸೇರಿಸಿ ಹೊಗಳುವುದು ನಮ್ಮ ಊರುಗಳ ಹಳೇ ಚಾಳಿ. ಎದುರಿಗಿದ್ದಾಗ ಹೊಗಳಿದರೆ ಕೈಯಿಂದ ಏನಾದರೂ ಖರ್ಚಾಗುತ್ತದೆಯೋ ಏನೋ.

ಹೊಗಳಿಕೆ ಮಾತ್ರ ಸುಳ್ಳಲ್ಲ. ಹಿಂಡಿನ ಜೊತೆ ಊರೂರು ಅಲೆಯುವುದು ಗಂಡಸರ ಕೆಲಸ. ನಡೆಯಲಾರದ ಎಳೆಮರಿಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಹೆಂಗಸರ ಕೆಲಸ. ಗಿರಿಯಮ್ಮನ ಅಂಗಳದಲ್ಲಿ ಬೋರಲು ಹಾಕಿದ ಬಿದಿರಿನ ಮರಿಗೂಡು ಬರಿದಾಗಿದ್ದನ್ನು ಕಂಡವರಿಲ್ಲ. ತಾಯಿ ಸತ್ತದ್ದು, ತಾಯಿ ಒದ್ದದ್ದು, ಅವಳಿಯಲ್ಲಿ ಸೋತದ್ದು, ಎಲ್ಲವೂ ಅವಳ ಉಡಿಗೇ ಬರುತ್ತಿದ್ದವು. ಬಾಟಲಿಗೆ ರಬ್ಬರು ಕಟ್ಟಿ ಹಾಲು ಕುಡಿಸಿ, ಬೆನ್ನು ಅಮುಕಿ ನೋಡಿ, ತುಂಬಿದೆ ಎನಿಸಿದ ಮೇಲೇ ಹಿಂಡಿಗೆ ಬಿಡುತ್ತಿದ್ದಳು. ಹಾಗೆ ಅವಳು ಕೈಯಾರೆ ಸಾಕಿದ ಮರಿಗೆ ಅವಳ ಮನೆಯಲ್ಲಿ ಯಾರೂ ಕತ್ತಿ ಎತ್ತುವಂತಿರಲಿಲ್ಲ. "ನಮ್ಮ ಹಿಂಡಿನಾಗೆ ಅರ್ಧ ಪಿಂಚಣಿದಾರರೇ" ಎಂದು ಗಂಡ ಕರಿಯಣ್ಣ ಬದುಕಿರುವ ತನಕ ಗೊಣಗಿದ. ಬೇರೆಯವರ ಮನೆಯಲ್ಲಿ ಕುರಿ ಸಾರು ಮಾಡಿದರೆ ಗಿರಿಯಮ್ಮ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಳು, ಅದು ಬೇರೆ ಮಾತು.

ಆ ಮನೆಯಲ್ಲಿ ಇನ್ನೂ ಎರಡು ಕಟ್ಟುಪಾಡುಗಳಿದ್ದವು. ಮೊದಲನೆಯದು, ಕುರಿಗಳನ್ನು ಎಣಿಸಬಾರದು. ಎಣಿಸಿದರೆ ಕಣ್ಣಾಗುತ್ತದೆ, ಏಳಿಗೆ ನಿಲ್ಲುತ್ತದೆ. ಸಂಜೆ ಹಿಂಡು ರೊಪ್ಪಕ್ಕೆ ಬಂದಾಗ ಗಿರಿಯಮ್ಮ ಬಾಗಿಲಲ್ಲಿ ನಿಂತು ಸುಮ್ಮನೆ ಮುಖಗಳನ್ನು ನೋಡುತ್ತಿದ್ದಳು. ಯಾವ ಮುಖ ಬಂದಿಲ್ಲ ಎಂಬುದು ತಾನಾಗಿ ಗೊತ್ತಾಗುತ್ತಿತ್ತು. ಒಮ್ಮೆ ಜಾನುವಾರು ಗಣತಿಗೆ ಬಂದವನು ಎಷ್ಟು ಕುರಿ ಎಂದು ಕೇಳಿದ್ದಕ್ಕೆ ಕರಿಯಣ್ಣ, "ಅವೆ ಸ್ವಾಮಿ, ಒಂದಷ್ಟು" ಎಂದ. ಗಣತಿಯವನು ಬೆವರು ಒರೆಸಿಕೊಂಡು ತಾನೇ ಒಂದು ಸಂಖ್ಯೆ ಬರೆದುಕೊಂಡು ಹೋದ. ಎರಡನೆಯದು, ಬೇರೆಯವರ ಕುರಿಯನ್ನು ಪಾಲಿಗೆ ಸಾಕಲು ಒಪ್ಪಿಕೊಂಡಾಗ ಅದು ಸತ್ತುಹೋದರೆ, ಧಣಿಗೆ ಅದರ ಕಿವಿ ತೋರಿಸಬೇಕು. ಕಿವಿಯಲ್ಲಿ ಧಣಿಯ ಮನೆತನದ ಗುರುತಿನ ಕಚ್ಚು ಇರುತ್ತದೆ. ಕಿವಿ ತೋರಿಸಿದವನು ಕುರಿ ಕಳಕೊಂಡವನು, ಕಿವಿ ತೋರಿಸದವನು ಕುರಿ ತಿಂದವನು. ಅದಕ್ಕೆ ಮೇಲ್ಮನವಿ ಇಲ್ಲ.

ಕರಿಯಣ್ಣ ಹೋದ ಮೇಲೆ ಹಿಂಡು ಮೈದುನನ ಪಾಲಾಯಿತು, ಗಿರಿಯಮ್ಮ ಹಿರಿಯೂರಿಗೆ ಬಂದಳು. ಮಗ ಕನಕರಾಜ್ ಬೈಪಾಸಿನ ಹತ್ತಿರ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ. ಸೊಸೆ ನಾಗಶ್ರೀ ಆದಿವಾಲದ ಹೈಸ್ಕೂಲಿನಲ್ಲಿ ಟೀಚರ್. ನಾಗಶ್ರೀ ಕೆಟ್ಟವಳಲ್ಲ, ಸೈನ್ಸ್ ಟೀಚರ್ ಅಷ್ಟೆ. ಗ್ಯಾಸು ಹಚ್ಚಲು ಹೋದರೆ "ಬ್ಯಾಡ ಬಿಡ್ರಿ ಅತ್ತೆ", ಮಿಕ್ಸಿ ಮುಟ್ಟಿದರೆ "ನೀವು ಕುಂತ್ಕಳ್ರಿ ಅತ್ತೆ". ಹಾಗೆ ಕುಂತೂ ಕುಂತೂ ಗಿರಿಯಮ್ಮನಿಗೆ ತನ್ನ ಕೈಗಳು ಬೇರೆ ಯಾರದೋ ಎನಿಸತೊಡಗಿತು. ಮರ್ಯಾದೆ ಕೊಟ್ಟೂ ಒಬ್ಬರನ್ನು ಮೂಲೆಗುಂಪು ಮಾಡಬಹುದು ಎಂಬುದು ಅವಳಿಗೆ ಹಳ್ಳಿಯಲ್ಲಿ ಗೊತ್ತಿರಲಿಲ್ಲ. ಅಲ್ಲಿ ಬೈದೇ ಮಾಡುತ್ತಿದ್ದರು.

ಹಾಲಿನಲ್ಲಿ ಟೀವಿಯ ಪಕ್ಕ ಒಂದು ಗಾಜಿನ ತೊಟ್ಟಿ ಇತ್ತು. ಗೃಹಪ್ರವೇಶಕ್ಕೆ ನಾಗಶ್ರೀಯ ಜೊತೆಯ ಟೀಚರುಗಳು ಕೊಟ್ಟದ್ದು. ಒಳಗೆ ಕೆಂಪು ಚಿನ್ನದ ಬಣ್ಣದ ಗೋಲ್ಡ್‌ಫಿಶ್‌ಗಳು, ನೀಲಿ ದೀಪ, ಬುಳುಬುಳು ಗುಳ್ಳೆ ಬಿಡುವ ಒಂದು ಯಂತ್ರ. ಸ್ಕೂಲಿನಿಂದ ಬಂದ ನಾಗಶ್ರೀ ಚಪ್ಪಲಿ ಬಿಡುವ ಮೊದಲೇ ಅವುಗಳ ಮುಂದೆ ಕೂತು ಮಾತಾಡಿಸುತ್ತಿದ್ದಳು. ತಿನ್ನಲು ಬಾರದ ಮೀನು, ಹಾಲು ಕೊಡದ ಮೀನು, ಉಣ್ಣೆ ಬಿಡದ ಮೀನು. ಇದನ್ನು ಯಾಕೆ ಸಾಕುತ್ತಾರೆಂದು ಗಿರಿಯಮ್ಮ ಕೇಳಲಿಲ್ಲ. ಕೇಳಿದರೆ ಅದಕ್ಕೂ ಸೈನ್ಸಿನಲ್ಲಿ ಉತ್ತರ ಇರುತ್ತದೆ.

ನಾಗಶ್ರೀಗೆ ಏಳು ತಿಂಗಳು ತುಂಬಿ ಸೀಮಂತವಾಯಿತು. ತವರು ಹೊಳಲ್ಕೆರೆಗೆ ಹೊರಡುವ ಹಿಂದಿನ ದಿನ ಅವಳು ರೂಮಿನಲ್ಲಿ ಫೋನಿನಲ್ಲಿ ತಾಯಿಯೊಂದಿಗೆ ಮಾತಾಡುತ್ತಿದ್ದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಗಿರಿಯಮ್ಮನ ಕಿವಿಯೂ ಅಷ್ಟೆ.

"ರಜ ಮುಗಿದ ಮ್ಯಾಲೆ ಕೂಸಿನ್ನ ಯಾರ ಹತ್ರ ಬಿಡಾದು ಅಂತಾನೇ ಯೋಚ್ನೆ ಕಣಮ್ಮ. ಇಲ್ಲೊಂದು ಬೇಬಿ ಸಿಟ್ಟಿಂಗ್ ಐತಂತೆ. ಅತ್ತೆ ಕೈಗೆ ಬಿಡಾಣ ಅಂದ್ರೆ ಒಂಥರಾ ಧೈರ್ಯ ಸಾಲಲ್ಲ. ನೋಡಾಣ, ಮೊದ್ಲು ಮೀನು ನೋಡ್ಕಳ್ಲಿ."

ಹಿರೇಗುಂಟನೂರಿನ ಸೀಮೆಯಲ್ಲೆಲ್ಲ ಎಳೇ ಜೀವ ಉಳಿಸಿದ ಹೆಂಗಸು ಎಂದು ಹೆಸರಾದ ಗಿರಿಯಮ್ಮನಿಗೆ, ತನ್ನ ಮಗನ ಕೂಸನ್ನು ಎತ್ತಿಕೊಳ್ಳಲು ಮೀನಿನ ಪರೀಕ್ಷೆ! ಅವಮಾನವಾಯಿತು, ಸಿಟ್ಟೂ ಬಂತು. ಆದರೆ ಅದಕ್ಕಿಂತ ಹೆಚ್ಚಾಗಿ, ಆ ಕೂಸು ತನ್ನ ಉಡಿಗೆ ಬರಬೇಕೆಂಬ ಆಸೆ ಹುಟ್ಟಿತು. ಪಾಸಾಗಿಯೇ ತೀರಬೇಕೆಂದು ಅವಳು ಅಲ್ಲೇ ಗೋಡೆ ಹಿಡಿದು ನಿಶ್ಚಯಿಸಿದಳು.

ಮರುದಿನ ನಾಗಶ್ರೀ ಮೀನಿನ ಕಾಳಿನ ಡಬ್ಬಿಯನ್ನು ಅತ್ತೆಯ ಕೈಗಿಟ್ಟು, "ಬೆಳಿಗ್ಗೆ ಒಂದ್ ಚಿಟಿಕೆ, ಸಂಜಿಗೆ ಒಂದ್ ಚಿಟಿಕೆ. ಅಷ್ಟೇ ಹಾಕ್ಬೇಕು" ಎಂದಳು. ನೀರು ಬದಲಿಸುವುದು ಕನಕರಾಜನ ಪಾಲಿನ ಕೆಲಸ. ಅವನು ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನು ಎತ್ತಿದ ಕೈ.

ಮೊದಲ ವಾರವೇ ಗಿರಿಯಮ್ಮನಿಗೆ ತೊಡಕಾಯಿತು. ಈ ಹಿಂಡಿಗೆ ದನಿಯಿಲ್ಲ. ಕರೆದರೆ ಬರುವುದಿಲ್ಲ. ಬೆನ್ನು ಅಮುಕೋಣವೆಂದರೆ ಕೈಗೆ ಸಿಗುವುದಿಲ್ಲ. ಮುಖ ನೋಡಿ ಗುರುತಿಡೋಣವೆಂದರೆ ಎಲ್ಲಕ್ಕೂ ಒಂದೇ ಮುಖ, ಅದೂ ಆಗಷ್ಟೇ ಬೈಸಿಕೊಂಡು ಬಂದಂಥ ಮುಖ. ಬೇರೆ ಯಾರಾದರೂ ಆಗಿದ್ದರೆ ಎಣಿಸಿ ಇಟ್ಟುಕೊಳ್ಳುತ್ತಿದ್ದರು. ಗಿರಿಯಮ್ಮ ಎಣಿಸುವವಳಲ್ಲ. ಮುಖವೂ ತಿಳಿಯದು, ಲೆಕ್ಕವೂ ಕೂಡದು. ಹೀಗೆ ಆ ಮನೆಯ ಮೀನುಗಳು ದೇವರ ಲೆಕ್ಕಕ್ಕೆ ಬಿದ್ದವು. ದೃಷ್ಟಿಯಾಗದಿರಲೆಂದು ತೊಟ್ಟಿಯ ಗಾಜಿಗೆ ಒಂದು ಕಾಡಿಗೆ ಬೊಟ್ಟು ಇಟ್ಟು ಅವಳು ನಿರಾಳವಾದಳು.

ಸಂತೆಯ ದಿನ ಅವಳು ಸೊಪ್ಪಿಗೆಂದು ಹೋದಳು. ಮೀನು ಮಾರುವ ಓಬಕ್ಕ ಅವಳಿಗೆ ಪರಿಚಯ; ಇಬ್ಬರೂ ಎಲೆಯಡಿಕೆ ಹಂಚಿಕೊಳ್ಳುವಷ್ಟು ಗೆಳತಿಯರು. ಓಬಕ್ಕ ಬುಟ್ಟಿ ಜಾಡಿಸಿದಾಗ ಬೆರಳುದ್ದದ ಕರೀ ಮರಿಮೀನೊಂದು ನೆಲಕ್ಕೆ ಬಿತ್ತು. ಮಾರಲು ಸಣ್ಣದು, ಎಸೆಯಲು ಸೋಮಾರಿತನ. ಓಬಕ್ಕ ಹಾಗೇ ಬಿಟ್ಟಳು. ಗಿರಿಯಮ್ಮ ಎಲೆ ಅಗಿಯುತ್ತ ಊರ ಸುದ್ದಿಯೆಲ್ಲ ಮುಗಿಸಿ ನೋಡಿದರೆ, ಆ ಮರಿ ಇನ್ನೂ ಸತ್ತಿಲ್ಲ. ಬಿಸಿಲಲ್ಲಿ, ಹಸಿ ಗೋಣಿಯ ಮೇಲೆ, ಎದೆ ಊರಿ ತೆವಳುತ್ತ ನೆರಳಿನ ಕಡೆ ಹೊರಟಿದೆ. ಬಾಯಿಯ ಸುತ್ತ ಮೀಸೆ ಬೇರೆ.

"ಓಬಕ್ಕ, ಇದಕ್ಕೆ ತಾಯಿ ಇಲ್ವೇನೇ?"

"ಮೀನಿಗೆ ತಾಯಿ ಎಲ್ಲಿಂದ ತರ್ಲವ್ವ? ಬೇಕಂದ್ರೆ ಒಯ್ಯಿ."

ನೀರಿಲ್ಲದೆ ಬದುಕಲು ಹಟ ಹಿಡಿದ ತಬ್ಬಲಿಯನ್ನು ನೋಡಿ ಬಿಟ್ಟುಬಂದರೆ ಅವಳು ಗಿರಿಯಮ್ಮ ಹೇಗಾದಾಳು? ಒದ್ದೆ ಗೋಣಿಯ ಚೂರಿನಲ್ಲಿ ಸುತ್ತಿ, ಸೀರೆಯ ಉಡಿಯಲ್ಲಿಟ್ಟುಕೊಂಡು, ಸೊಪ್ಪು ಮರೆತು ಮನೆಗೆ ಬಂದಳು. ತಬ್ಬಲಿ ಮರಿಯನ್ನು ಏನು ಮಾಡಬೇಕು? ಹಿಂಡಿಗೆ ಸೇರಿಸಬೇಕು. ಅವಳು ಗಾಜಿನ ತೊಟ್ಟಿಯ ಮುಚ್ಚಳ ತೆಗೆದು, "ನೋಡ್ಕಳ್ರಮ್ಮ, ನಿಮ್ ಕೂಸು ಅಂತ ತಿಳ್ಕಳ್ರಿ" ಎಂದು ಚಿನ್ನದ ಮೀನುಗಳಿಗೆ ಒಪ್ಪಿಸಿ, ಒಳಗೆ ಬಿಟ್ಟಳು.

ಬಣ್ಣಕ್ಕೆ ತಕ್ಕಂತೆ ಅದನ್ನು 'ಕರಿಯ' ಎನ್ನಬೇಕಿತ್ತು. ಆದರೆ ಗಂಡನ ಹೆಸರು ನಾಲಗೆಗೆ ತರುವಂತಿಲ್ಲ. ಅವನು ಸತ್ತರೂ ಹೆಸರು ಸಾಯುವುದಿಲ್ಲವಲ್ಲ. ಅದಕ್ಕೆ ಮೀಸಪ್ಪ ಎಂದು ಕರೆದಳು.

ಮೀಸಪ್ಪ ಚಿಟಿಕೆ ಕಾಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಗಿರಿಯಮ್ಮ ತನ್ನ ತಟ್ಟೆಯ ರಾಗಿಮುದ್ದೆಯನ್ನು ಕಡಲೆಯಷ್ಟು ಉಂಡೆ ಮಾಡಿ ಹಿಡಿದಾಗ ಮೇಲೆ ಬಂದು ಬೆರಳಿನಿಂದಲೇ ಕಿತ್ತುಕೊಂಡು ಹೋಯಿತು. ಆ ಘಳಿಗೆಗೆ ಗಿರಿಯಮ್ಮನ ಕೈಗಳು ಅವಳಿಗೆ ವಾಪಸು ಬಂದವು. ಕಡಲೆಯಷ್ಟು ಹೋಗಿ ನೆಲ್ಲಿಕಾಯಷ್ಟಾಯಿತು. ಭಾನುವಾರ ಕೋಳಿಯ ಕರುಳು, ಈಲಿಯ ಚೂರು. ಗಾಜು ತಟ್ಟಿದರೆ ಮೀಸಪ್ಪ ಬರುತ್ತಿತ್ತು. ಕೈ ಇಳಿಬಿಟ್ಟರೆ ಬೆನ್ನು ಅಮುಕಿಸಿಕೊಳ್ಳುತ್ತಿತ್ತು. ಬೆನ್ನು ತುಂಬುತ್ತಿತ್ತು. ಏನು ತುಂಬಿದ್ದು! ಗಿರಿಯಮ್ಮ ಸಾಕಿದ ಯಾವ ಟಗರೂ ಅಷ್ಟು ಬೇಗ ತುಂಬಿರಲಿಲ್ಲ. ಚಿನ್ನದ ಮೀನುಗಳು ಮೂಲೆ ಸೇರಿದ್ದನ್ನು ಅವಳು ಕಂಡಳು. ದೊಡ್ಡ ಮಗನಿಗೆ ಜಾಗ ಬಿಟ್ಟುಕೊಟ್ಟಿವೆ, ಮರ್ಯಾದಸ್ಥ ಮೀನುಗಳು ಎಂದುಕೊಂಡಳು.

ಹೊಳಲ್ಕೆರೆಯಲ್ಲಿ ನಾಗಶ್ರೀಗೆ ಹೆಣ್ಣು ಕೂಸು ಹುಟ್ಟಿತು. ಅನುಪಮಾ ಎಂದು ಹೆಸರಿಟ್ಟರು. ಗಿರಿಯಮ್ಮನ ಬಾಯಲ್ಲಿ ಅದು ಅನ್ಪಮ್ಮ. ನಾಮಕರಣಕ್ಕೆ ಹೋದಾಗ ಅವಳು ಕೂಸನ್ನು ಎತ್ತಿಕೊಂಡದ್ದು ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ. ತೂಕ ಕಮ್ಮಿ, ಸೋಂಕು ತಗುಲೀತು ಎಂದು ಬೀಗಿತ್ತಿ ಬೇಗನೆ ಇಸಿದುಕೊಂಡಳು. ಆ ಹಗುರ ಮಾತ್ರ ಗಿರಿಯಮ್ಮನ ತೋಳಿನಲ್ಲಿ ಉಳಿದುಬಿಟ್ಟಿತು. ಬೆನ್ನು ತುಂಬಿಲ್ಲ ಎಂದು ಅವಳ ಬೆರಳುಗಳು ಬಸ್ಸಿನುದ್ದಕ್ಕೂ ಹೇಳುತ್ತಲೇ ಇದ್ದವು.

ಸಂಜೆಯ ಹೊತ್ತು ನಾಗಶ್ರೀ ವೀಡಿಯೋ ಕಾಲ್ ಮಾಡುತ್ತಿದ್ದಳು. ಫೋನು ಹಿಡಿಯುವವಳು ಗಿರಿಯಮ್ಮನಾದ್ದರಿಂದ ಹೊಳಲ್ಕೆರೆಯವರಿಗೆ ಹೆಚ್ಚಾಗಿ ಕಾಣುತ್ತಿದ್ದದ್ದು ಹಿರಿಯೂರಿನ ಸೀಲಿಂಗ್ ಫ್ಯಾನು.

"ಅತ್ತೆ, ಮೀನು ಚೆನ್ನಾಗವಾ?"

"ಚೆನ್ನಾಗವೆ ಕಣವ್ವ."

"ಎಷ್ಟವೆ, ಒಂದ್ಸಲ ಎಣ್ಸಿ ಹೇಳ್ರಿ."

"ಸಾಕಿದ ಜೀವ ಎಣಿಸಬಾರ್ದವ್ವ, ಕಣ್ಣಾಗ್ತೈತೆ."

ನಾಗಶ್ರೀ ನಗುತ್ತಿದ್ದಳು. ನಂತರ ಮಾತು ಕೂಸಿನ ತೂಕಕ್ಕೆ ಹೊರಳುತ್ತಿತ್ತು. ಈ ವಾರ ಇಷ್ಟು ಗ್ರಾಂ ಬರಬೇಕಿತ್ತು, ಬಂದಿಲ್ಲ. ಚಾರ್ಟಿನ ಗೆರೆಗಿಂತ ಕೆಳಗೇ ಇದೆ. ಹೊಳಲ್ಕೆರೆಯಲ್ಲಿ ಎಣಿಸಿದ್ದು ಏರುತ್ತಿರಲಿಲ್ಲ, ಹಿರಿಯೂರಿನಲ್ಲಿ ಎಣಿಸದ್ದು ಇಳಿಯುತ್ತಿತ್ತು. ಎರಡೂ ಮನೆಯವರಿಗೆ ಇದು ತಿಳಿಯದಿದ್ದದ್ದು ದೇವರ ದಯೆ ಎನ್ನಬೇಕೋ ಕುಚೇಷ್ಟೆ ಎನ್ನಬೇಕೋ.

ಒಂದು ಮಧ್ಯಾಹ್ನ ಊಟ ಮುಗಿಸಿ ಗಿರಿಯಮ್ಮ ಉಂಡೆ ಹಿಡಿದು ತೊಟ್ಟಿಯ ಮುಂದೆ ಕೂತಳು. ಗಾಜು ತಟ್ಟಿದಳು. ಮೀಸಪ್ಪ ಬಂತು, ಆದರೆ ಬಾಯಿ ತೆರೆಯಲಿಲ್ಲ. ಬಾಯಿಯ ಕೊನೆಯಲ್ಲಿ, ಮೀಸೆಗಳ ನಡುವೆ, ಕೆಂಪು ರೇಷ್ಮೆಯ ಚುಂಗಿನಂಥ ಒಂದು ಬಾಲ ಅಲ್ಲಾಡುತ್ತಿತ್ತು. ಮೀಸಪ್ಪ ಒಮ್ಮೆ ನುಂಗಿತು. ಬಾಲ ಒಳಗೆ ಹೋಯಿತು. ನಂತರ ಎಂದಿನಂತೆ ಮುದ್ದೆಗೆ ಬಾಯಿ ತೆರೆಯಿತು.

ಗಿರಿಯಮ್ಮ ಆ ದಿನ ಮೊದಲ ಬಾರಿಗೆ ತೊಟ್ಟಿಯೊಳಗೆ ಚಿನ್ನದ ಮೀನುಗಳಿಗಾಗಿ ಹುಡುಕಿದಳು. ಕಲ್ಲಿನ ಹಿಂದೆ, ಪ್ಲಾಸ್ಟಿಕ್ ಗಿಡದ ಹಿಂದೆ, ಗುಳ್ಳೆಯ ಯಂತ್ರದ ಹಿಂದೆ. ಯಾರೂ ಇರಲಿಲ್ಲ. ತೋಳನನ್ನು ಕುರಿ ಕಾಯಲು ಬಿಟ್ಟ ಹಾಗೆ ಎಂದು ಜನ ಮಾತಿಗೆ ಅನ್ನುತ್ತಾರೆ. ಇವಳು ತೋಳನಿಗೆ ಬಾಟಲಿ ಹಾಲು ಕುಡಿಸಿ, ಹೆಸರಿಟ್ಟು, ಹಿಂಡಿನ ನಡುವೆ ತೊಟ್ಟಿಲು ಕಟ್ಟಿದ್ದಳು. ಮರಿಗಳನ್ನು ಉಳಿಸಿಯೇ ಹೆಸರಾದವಳು ಒಂದು ಹಿಂಡನ್ನೇ ಕಳೆದಿದ್ದಳು. ಅವಳಿಗೆ ನಾಚಿಕೆಯಾಯಿತು. ಅನ್ಪಮ್ಮನ ಹಗುರ ತೋಳಿಗೆ ನೆನಪಾಗಿ ಅಳು ಬಂತು.

ಅಳುವಿನ ಹಿಂದೆಯೇ ಸಿಟ್ಟು ಬಂತು. ಮೀಸಪ್ಪನನ್ನು ಬಕೆಟ್ಟಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ, ಆಟೋದಲ್ಲಿ ಓಬಕ್ಕನ ಹತ್ತಿರ ಒಯ್ದಳು. ಓಬಕ್ಕ ತಟ್ಟೆ ಸರಿಸಿ ನೋಡಿ ಬಾಯಿಯ ಎಲೆಯಡಿಕೆಯನ್ನೇ ಮರೆತಳು.

"ಅಯ್ಯೋ ನಿನ್ನ! ಇದು ಆಫ್ರಿಕಾ ಕ್ಯಾಟ್‌ಫಿಶ್ ಕಣೇ. ಯಾರದೋ ಹೊಂಡದ್ದು ನನ್ ಬುಟ್ಟಿಗೆ ಸೇರ್ಕಂಡಿತ್ತು ಅನ್ಸುತ್ತೆ. ಇದನ್ನ ಸಾಕಂಗಿಲ್ಲ ಅಂತ ಸರ್ಕಾರದ ಕಾನೂನೈತೆ. ಕೆರೇಲಿ ಇದ್ರೆ ಕೆರೆ ಖಾಲಿ, ಕಪ್ಪೆನೂ ಬಿಡಲ್ಲ."

"ಹಂಗಾದ್ರೆ ಹೊಳಿಗೆ ಬಿಟ್ಬಿಡ್ಲಾ?"

"ಹೊಳೀಗೆ ಬಿಟ್ರೆ ನಾನೇನು ಮಾರ್ಲಿ, ಮಣ್ಣಾ? ಬ್ಯಾಡ, ಇಲ್ಲಿ ಕೊಡು. ಸಾಕಬಾರ್ದು ಅಂದ್ರೂ ತಿನ್ನಾರು ತಿಂತಾನೆ ಅವ್ರೆ." ಓಬಕ್ಕ ಮಚ್ಚು ತೆಗೆದು ಹಲಗೆ ಒರೆಸಿದಳು.

ಮೀಸಪ್ಪ ಬಕೆಟ್ಟಿನ ಅಂಚಿಗೆ ಬಂದು ಮೀಸೆ ಚಾಚಿ, ಗಿರಿಯಮ್ಮನ ಬೆರಳು ಹುಡುಕಿತು. ಮುದ್ದೆಯ ಹೊತ್ತಾಗಿತ್ತು. ಕೈಯಾರೆ ಉಣಿಸಿದ ಜೀವಕ್ಕೆ ಕತ್ತಿ ಎತ್ತಬಾರದು ಎಂಬ ಕಟ್ಟುಪಾಡು ಮಾಡುವಾಗ ಗಿರಿಯಮ್ಮ ಕಳ್ಳರಿಗೆ ಅನ್ವಯಿಸುವುದಿಲ್ಲ ಎಂದು ಸೇರಿಸಿರಲಿಲ್ಲ. ಅವಳು ತಟ್ಟೆ ಮುಚ್ಚಿದಳು. ಕೊಲ್ಲುವಂತಿಲ್ಲ, ಬಿಡುವಂತಿಲ್ಲ, ಸಾಕುವಂತಿಲ್ಲ. ಉಳಿದದ್ದು ಒಂದೇ ದಾರಿ, ಅದೇ ಆಟೋದಲ್ಲಿ ವಾಪಸು ಮನೆಗೆ.

ಈ ಮಧ್ಯೆ ಕನಕರಾಜ್ ಏನು ಮಾಡುತ್ತಿದ್ದ ಎಂದು ನೀವು ಕೇಳಬಹುದು. ತಲೆಯಾಡಿಸುತ್ತಿದ್ದ. ತೊಟ್ಟಿಯ ನೀರನ್ನು ಆಗೀಗ ಫೋನು ನೋಡುತ್ತಲೇ ಬದಲಿಸುತ್ತಿದ್ದ. ನಾಗಶ್ರೀ ಐದನೇ ತಿಂಗಳಿಗೆ ಕೂಸಿನೊಂದಿಗೆ ಬರುವ ದಿನ ಗೊತ್ತಾದ ಮೇಲೆ, ಅವನು ಏಳು ತಿಂಗಳಲ್ಲಿ ಮೊದಲ ಸಲ ಅದರೊಳಗೆ ಕಣ್ಣಿಟ್ಟು ನೋಡಿದ. ಮೊಳದಷ್ಟು ಉದ್ದದ ಕರೀ ಮೀಸೆಯವನೊಬ್ಬ ಗಾಜಿನಾಚೆಯಿಂದ ಅವನನ್ನು ನೋಡಿದ.

"ಅವ್ವಾ! ಇದೇನು? ಮೀನೆಲ್ಲಿ?"

ಗಿರಿಯಮ್ಮ ಎಲ್ಲ ಹೇಳಿದಳು. ಮಗನ ಮುಂದೆ ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ.

"ನಾನು ನೀರು ಬದ್ಲಾಯ್ಸುವಾಗ ನೋಡ್ಲಿಲ್ವಾ ಅಂತ ನನ್ನೂ ಬಿಡಲ್ಲ ಅವ್ಳು," ಎಂದ ಕನಕರಾಜ್. ಹೆಂಡತಿಯ ಭಯ ಅವನಿಗೆ ಚುರುಕು ತಂದಿತು. "ಚಿತ್ರದುರ್ಗದ ಅಂಗ್ಡೀಲಿ ಇಂಥವೇ ಸಿಗ್ತವೆ. ತಂದು ಬಿಟ್ಬಿಡಾಣ. ಎಷ್ಟಿದ್ವು?"

"ನಾನೇನು ಎಣಿಸಿದ್ನಾ?"

"ನಾನೂ ಎಣಿಸ್ಲಿಲ್ಲ." ಅವನು ತಲೆ ಕೆರೆದುಕೊಂಡ. "ಒಂದೆರಡು ಜಾಸ್ತೀನೇ ತರ್ತೀನಿ. ಕಮ್ಮಿ ಆದ್ರೆ ಬೈತಾಳೆ, ಜಾಸ್ತಿ ಆದ್ರೆ ಯಾರು ಬೈತಾರೆ?"

ವ್ಯಾಪಾರಿಯ ತಲೆ! ಹೊಸ ಮೀನುಗಳು ತೊಟ್ಟಿಗೆ ಬಂದವು. ಮೀಸಪ್ಪನನ್ನು ಬಚ್ಚಲುಮನೆಯ ನೀಲಿ ಡ್ರಮ್ಮಿಗೆ ಹಾಕಿ, ಮುಚ್ಚಳದ ಮೇಲೆ ರುಬ್ಬುಗುಂಡು ಹೇರಿದರು. ಕನಕರಾಜ್ ತಾಯಿಯ ಕೈ ಹಿಡಿದು ಹೇಳಿದ: "ಅವ್ವಾ, ನೀನು ಬಾಯಿ ಬಿಡಬ್ಯಾಡ. ಬಿಟ್ಟೋ, ಕೂಸು ಬೇಬಿ ಸಿಟ್ಟಿಂಗಿಗೇ ಹೋಗಾದು." ಗಿರಿಯಮ್ಮ ಬಾಯಿ ಬಿಡಲಿಲ್ಲ. ಮಾತಾಡದೆ ಇರುವುದು ಸುಳ್ಳು ಹೇಳಿದಂತೆ ಆಗುತ್ತದೆಯೇ ಎಂದು ಎರಡು ದಿನ ಯೋಚಿಸಿದಳು. ಆಗುವುದಿಲ್ಲ ಎಂದು ತೀರ್ಮಾನಿಸಿದಳು. ಆದರೂ ಊಟ ಸೇರಲಿಲ್ಲ.

ನಾಗಶ್ರೀ ಬಂದಳು. ಬಾಗಿಲಲ್ಲಿ ಆರತಿ ಎತ್ತಿ, ಕೂಸಿಗೆ ನಿವಾಳಿಸಿ ಒಳಗೆ ಕರೆದುಕೊಂಡದ್ದಾಯಿತು. ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪಾಗಿತ್ತು. ಕೈಕಾಲು ತೊಳೆದವಳೇ ಕೂಸನ್ನು ಹೆಗಲಿಗೆ ಹಾಕಿಕೊಂಡು ತೊಟ್ಟಿಯ ಮುಂದೆ ನಿಂತಳು. ಅವಳ ತುಟಿ ಅಲ್ಲಾಡುತ್ತಿತ್ತು, ಬೆರಳು ಗಾಜಿನ ಮೇಲೆ ಓಡುತ್ತಿತ್ತು. ಎಣಿಸುತ್ತಿದ್ದಳು!

"ಹದಿನಾಲ್ಕು," ಎಂದಳು. ಮತ್ತೊಮ್ಮೆ ಎಣಿಸಿದಳು. "ಒಂಬತ್ತು ಬಿಟ್ಟು ಹೋಗಿದ್ದೆ. ಹದಿನಾಲ್ಕು ಹೆಂಗಾದ್ವು?"



"ಮರಿ ಹಾಕ್ಯಾವೆ," ಎಂದ ಕನಕರಾಜ್.

ಬೇರೆ ದಿನವಾಗಿದ್ದರೆ ನಾಗಶ್ರೀ ಗಂಡನನ್ನು ನಿಲ್ಲಿಸಿ, ಮೊಟ್ಟೆಯಿಂದ ಹಿಡಿದು ಪಾಠ ಮಾಡುತ್ತಿದ್ದಳು. ಅವತ್ತು ಅವಳು ಟೀಚರಾಗಿರಲಿಲ್ಲ. ಗ್ರಾಂ ಲೆಕ್ಕ ಹಾಕಿ ಹಾಕಿ ಸೋತ ತಾಯಿ, ಎಲ್ಲಾದರೂ ಏನಾದರೂ ಹೆಚ್ಚಾಗಿದೆ ಎಂದು ನಂಬಲು ಕಾದಿದ್ದಳು. ಅವಳ ಕಣ್ಣು ತುಂಬಿತು.

"ಅತ್ತೆ, ನಿಮ್ ಕೈಗುಣ ದೊಡ್ದು. ನಾನು ಸುಮ್ನೆ ಏನೇನೋ ಅಂದ್ಕಂಡಿದ್ದೆ. ತಗಳ್ರಿ, ನಿಮ್ ಮೊಮ್ಮಗಳ್ನ ಹಿಡ್ಕಳ್ರಿ."

ಅವಳು ಕೂಸನ್ನು ಚಾಚಿದಳು. ಗಿರಿಯಮ್ಮನ ಕೈ ತಾನಾಗಿ ಮುಂದೆ ಹೋಯಿತು. ಕುರುಬರ ಮನೆಯಲ್ಲಿ ಹಿಂಡು ಒಂದಕ್ಕೆ ಒಂದೂವರೆಯಾಯಿತು ಎಂಬುದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಬಯಸಿದ್ದೆಲ್ಲ ಆ ತೋಳುಗಳ ಮೇಲಿತ್ತು. ಒಂದು ಹೆಜ್ಜೆ ಅಷ್ಟೆ. ಕನಕರಾಜ್ ಹಿಂದಿನಿಂದ ಕಣ್ಣಲ್ಲೇ ತಳ್ಳುತ್ತಿದ್ದ. ಗಿರಿಯಮ್ಮ ಕೈ ಹಿಂದೆ ತೆಗೆದು ಸೆರಗಿಗೆ ಒರೆಸಿಕೊಂಡಳು.

"ತಾಳವ್ವ. ಮೊದ್ಲು ಕಿವಿ ನೋಡು."

ಸೊಸೆಯನ್ನು ಬಚ್ಚಲುಮನೆಗೆ ಕರೆದೊಯ್ದು, ರುಬ್ಬುಗುಂಡು ಇಳಿಸಿ, ಮುಚ್ಚಳ ತೆಗೆದಳು. ಮೀಸಪ್ಪ ಮೇಲೆ ಬಂದು ಗುಳಕ್ಕನೆ ಗಾಳಿ ಕುಡಿದು, ಮುದ್ದೆಗಾಗಿ ಬಾಯಿ ತೆರೆಯಿತು. ನಾಗಶ್ರೀ ಕಿಟಾರನೆ ಕಿರುಚಿ ಹಿಂದೆ ಸರಿದಳು.

"ನಿನ್ ಒಂಬತ್ತೂ ಇದರೊಳಗೇ ಅವೆ. ತಬ್ಬಲಿ ಅಂತ ನಾನೇ ತಂದು ಬಿಟ್ಟೆ. ಎಣಿಸಲಿಲ್ಲ, ಅದಕ್ಕೇ ತಿಳೀಲಿಲ್ಲ. ತಿಳಿದ ಮ್ಯಾಲೆ ಹೇಳಾಕೆ ಬಾಯಿ ಬರ್ಲಿಲ್ಲ. ನಮ್ ಕಡೆ ಒಪ್ಪಿಸ್ಕಂಡ ಕುರಿ ಸತ್ರೆ ಧಣಿಗೆ ಕಿವಿ ತೋರಿಸ್ಬೇಕು. ಮೀನಿಗೆ ಕಿವಿ ಇಲ್ಲ. ಇದೇ ಕಿವಿ ಅನ್ಕೋ. ಅಲ್ಲಿರಾವು ನಿನ್ ಮೀನಲ್ಲ, ಅಂಗಡೀವು."

ಕನಕರಾಜ್ ಹಣೆ ಹಣೆ ಚಚ್ಚಿಕೊಂಡ. ನಾಗಶ್ರೀ ಡ್ರಮ್ಮು ನೋಡಿದಳು, ಗಂಡನನ್ನು ನೋಡಿದಳು. "ಮರಿ ಹಾಕ್ಯಾವೆ," ಎಂದು ಅವನದೇ ಮಾತನ್ನು ಮೆಲ್ಲಗೆ ಅಂದಳು. ಕೂಸನ್ನು ಎದೆಗೆ ಒತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಈ ಸಲ ಬಾಗಿಲು ಪೂರ್ತಿ ಮುಚ್ಚಿತು.

ಗಿರಿಯಮ್ಮ ಬಚ್ಚಲುಮನೆಯ ಮಣೆಯ ಮೇಲೆ ಕೂತಳು. ಪರೀಕ್ಷೆ ಹೋಯಿತು, ಕೂಸೂ ಹೋಯಿತು. ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಹೇಳುವವರು ಸತ್ಯ ಹೇಳಿ ನೋಡಿದವರಲ್ಲ. ಅವಳಿಗೆ ಒಂದು ಚೂರೂ ಹಗುರಾಗಲಿಲ್ಲ. ಡ್ರಮ್ಮಿನೊಳಗಿನವನಿಗೆ ಮಾತ್ರ ಹಸಿವಾಗಿತ್ತು. ಬೈಯುತ್ತಲೇ ಎದ್ದು ಮುದ್ದೆ ತಂದು ಹಾಕಿದಳು.

ನಾಗಶ್ರೀಯ ರಜ ಮುಗಿಯುತ್ತ ಬಂತು. ಆ ದಿನಗಳಲ್ಲಿ ಅವಳು ಅತ್ತೆಯೊಡನೆ ಬೇಕಾದಷ್ಟೇ ಮಾತಾಡಿದಳು. ಕೂಸು ಅತ್ತರೆ ತಾನೇ ಓಡಿಬರುತ್ತಿದ್ದಳು. ಸ್ಕೂಲಿಗೆ ಹೋಗಬೇಕಾದ ವಾರ, ಬೇಬಿ ಸಿಟ್ಟಿಂಗ್ ನೋಡಿ ಬರುತ್ತೇನೆಂದು ಕೂಸನ್ನು ಎತ್ತಿಕೊಂಡು ಹೊರಟಳು. ಅದನ್ನು ನಡೆಸುವವಳು ಜಯಶೀಲಾ ಎಂಬುವಳು. ಗೋಡೆಗೆಲ್ಲ ಗೊಂಬೆ ಬರೆಸಿದ್ದಾಳೆ, ಬಾಗಿಲಿಗೆ ಕ್ಯಾಮೆರಾ ಹಾಕಿಸಿದ್ದಾಳೆ ಎಂದು ಕನಕರಾಜನೇ ವಿಚಾರಿಸಿದ್ದ. ಗಿರಿಯಮ್ಮ ಗೇಟಿನ ತನಕ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

ಊಟದ ಹೊತ್ತಿಗೆ ನಾಗಶ್ರೀ ವಾಪಸು ಬಂದಳು. ಚಪ್ಪಲಿ ಬಿಟ್ಟು, ನೇರ ಅಡಿಗೆಮನೆಗೆ ಬಂದು ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು.

"ಅಲ್ಲೊಂದು ಕೂಸಿತ್ತು ಅತ್ತೆ. ಕೆನ್ನೆ ಮ್ಯಾಲೆ ಹಲ್ಲಿನ ಗಾಯ, ಕೆಂಪಗೆ. ಏನಾಯ್ತು ಅಂದೆ. ಏನೂ ಇಲ್ಲ ಮೇಡಂ, ಹುಟ್ದಾಗಿಂದ್ಲೂ ಐತೆ ಅಂದ್ಲು. ಅಷ್ಟೊತ್ತಿಗೆ ಅದರಮ್ಮ ಬಂದು, ಇದೇನು ಅಂತ ಅತ್ಲು. ಅವಳಿಗೆ ಇನ್ನೊಂದೇ ಹೇಳಿದ್ಲು, ಆಟ ಆಡ್ತಾ ತಾನೇ ಕಚ್ಕಂತು ಅಂತ. ತನ್ನ ಕೆನ್ನೆ ತಾನೇ!" ನಾಗಶ್ರೀ ನಕ್ಕಳು, ಆದರೆ ನಗು ಪೂರ್ತಿಯಾಗಲಿಲ್ಲ. "ಆಯಮ್ಮ ಕಿವಿ ತೋರಿಸಲ್ಲ ಅತ್ತೆ."

ನಾಗಶ್ರೀ ಕೂಸನ್ನು ಅವಳ ಉಡಿಯಲ್ಲಿ ಮಲಗಿಸಿದಳು. ಗಿರಿಯಮ್ಮನ ಬೆರಳುಗಳು ತಾವಾಗಿ ಕೂಸಿನ ಬೆನ್ನಿಗೆ ಹೋದವು. ತುಂಬಿಲ್ಲ. ತುಂಬಿಸಬಹುದು.

"ಒಂದು ಕಂಡೀಷನ್," ಎಂದಳು ನಾಗಶ್ರೀ. "ಸ್ಕೂಲಿಂದ ಫೋನ್ ಮಾಡ್ತೀನಿ. ಮಾಡ್ದಾಗೆಲ್ಲ ನೀವು ಎಣ್ಸಿ ಹೇಳ್ಬೇಕು."

"ಒಂದೇ ಐತಲ್ಲವ್ವ, ಅದ್ರಾಗೆ ಏನು ಎಣಿಸಾದು?"

"ಒಂದಿದ್ರೂ ಎಣಿಸ್ರಿ."

ಮೀಸಪ್ಪ ಡ್ರಮ್ಮಿನಲ್ಲೇ ಇದೆ. ಸಾಕಬಾರದ್ದನ್ನು ಯಾರಿಗೆ ಒಪ್ಪಿಸಬೇಕೆಂದು ಕನಕರಾಜ್ ವಿಚಾರಿಸುತ್ತೇನೆ ಎಂದಿದ್ದಾನೆ, ಅಂದರೆ ತಲೆಯಾಡಿಸಿದ್ದಾನೆ. ಅಲ್ಲಿಯ ತನಕ ಮುದ್ದೆಯ ಹೊತ್ತು ಬಿಟ್ಟು ಬೇರೆ ಯಾವಾಗಲೂ ರುಬ್ಬುಗುಂಡು ಇಳಿಸುವಂತಿಲ್ಲ. ಮುದ್ದೆ ಹಾಕುವಾಗ ಕೂಸನ್ನು ಬಚ್ಚಲುಮನೆಯೊಳಗೆ ಒಯ್ಯುವಂತಿಲ್ಲ.

ನಾಗಶ್ರೀ ಕೆಲಸಕ್ಕೆ ಹೋದ ಮೊದಲ ದಿನ, ಆದಿವಾಲದ ಸ್ಕೂಲಿನಲ್ಲಿ ಇಂಟರ್ವಲ್ಲಿನ ಗಂಟೆ ಹೊಡೆಯುತ್ತಲೇ ಫೋನು ಬಂತು. ಸೀಲಿಂಗ್ ಫ್ಯಾನು ಕಾಣಿಸಿತು.

"ಅತ್ತೆ, ಎಣಿಸಿದ್ರಾ?"

ಗಿರಿಯಮ್ಮ ಮಡಿಲಿನಲ್ಲಿ ಬೆರಳು ಚೀಪುತ್ತಿದ್ದ ಕೂಸನ್ನು ನೋಡಿದಳು. ಸಾಕಿದ ಜೀವದ ಲೆಕ್ಕವನ್ನು ಅವಳು ಹುಟ್ಟಿದಾಗಿನಿಂದ ಬಾಯಿಗೆ ತಂದವಳಲ್ಲ.

"ಒಂದು," ಎಂದಳು, ಗಟ್ಟಿಯಾಗಿ. "ಎಣಿಸ್ದೆ ಕಣವ್ವ. ಒಂದೈತೆ."

ಫೋನಿಟ್ಟವಳೇ ಕಾಡಿಗೆಯ ಡಬ್ಬಿ ಹುಡುಕಿ, ಎಣಿಸಿದ ಪಾಪಕ್ಕೆ ಕೂಸಿನ ಅಂಗಾಲಿಗೆ ಇನ್ನೊಂದು ಬೊಟ್ಟು ಇಟ್ಟಳು.